ಕಾಲರಿನೊಳಗಿನ ಕೆಂಪು ದಾರ

ಔಷಧಿ ಅಂಗಡಿಯವರು ಹಳೇ ಪೇಪರಿನಲ್ಲಿ ಸುತ್ತಿದ ಕೋಟನ್ನು ಕಂಕುಳಲ್ಲಿಟ್ಟುಕೊಂಡು ಬಂದಾಗ ದರ್ಜಿ ಶಾಲೆಯ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅವನ ಅಜ್ಜಿ ಕಾಜಾ ಹೊಲಿಯುತ್ತ ಕುಳಿತಿದ್ದಳು. ಎಂಬತ್ತಾರು ತುಂಬಿದ್ದರೂ ಸೂಜಿಗೆ ದಾರ ಪೋಣಿಸಲು ಅವಳು ಯಾರನ್ನೂ ಕರೆಯುವವಳಲ್ಲ. ನಾಲ್ಕು ಸಲ ತಪ್ಪಿದರೆ ಸೂಜಿಯನ್ನೇ ಬೈಯುವಳು.

"ಅಪ್ಪನ ಮಿಲಿಟರಿ ಕೋಟು," ಎಂದು ಅವರು ಪೇಪರು ಬಿಚ್ಚಿದರು. "ಹೊಟ್ಟೆ ಹತ್ರ ಸ್ವಲ್ಪ ಬಿಡಿಸ್ಬೇಕು. ಕಲ್ಲು ಉದ್ಘಾಟನೆ ದಿನ ಇದನ್ನೇ ಹಾಕ್ಕೋತೀನಿ."

ದರ್ಜಿ ಟೇಪು ಹಿಡಿದು ಅಳತೆ ನೋಡಿದ. "ಸ್ವಲ್ಪ ಅಲ್ಲ ಸಾರ್. ಪಕ್ಕದಲ್ಲಿ ಇನ್ನೊಂದು ಕೋಟು ಸೇರಿಸಿದ ಹಾಗೆ ಆಗುತ್ತೆ."

ಅವರು ನಕ್ಕರು. ದರ್ಜಿ ನಗಲಿಲ್ಲ. "ನಮ್ಮ ಅರ್ಜಿ ಏನಾಯ್ತು ಸಾರ್?"

ಅರ್ಜಿ ಎಂದರೆ ಅದೇ ಕಲ್ಲಿನ ವಿಷಯ. ಸಮುದ್ರದಾಚೆಯ ಯುದ್ಧಕ್ಕೆ ಹೋಗಿ, ಅಲ್ಲೇ ಸತ್ತು, ಅಲ್ಲೇ ಮಣ್ಣಾದ ಊರಿನ ಹದಿಮೂರು ಜನರ ಹೆಸರು ಉದ್ಯಾನದ ಕಲ್ಲಿನ ಮೇಲಿತ್ತು. ಕಲ್ಲು ಬಿರುಕು ಬಿಟ್ಟಿದ್ದರಿಂದ ಹೊಸದು ಕೆತ್ತಿಸುತ್ತಿದ್ದರು. ಆ ಸಮಿತಿಗೆ ಔಷಧಿ ಅಂಗಡಿಯವರೇ ಅಧ್ಯಕ್ಷರು. ಅದೇ ಯುದ್ಧಕ್ಕೆ ಹೋಗಿ ತಿರುಗಿ ಬರದ ಅಜ್ಜಿಯ ಅಣ್ಣನ ಹೆಸರನ್ನೂ ಸೇರಿಸಿ ಎಂದು ದರ್ಜಿ ಮೂರು ಸಲ ಬರೆದುಕೊಟ್ಟಿದ್ದ.

"ನೋಡಪ್ಪ, ನನಗೇನು ನಿಮ್ಮ ಮೇಲೆ ದ್ವೇಷಾನಾ?" ಎಂದರು ಅವರು. "ಕಲ್ಲಿನ ಮೇಲಿರೋದು ಸತ್ತವರ ಹೆಸರು. ಕಡತದಲ್ಲಿ ನಿಮ್ಮವರ ಮುಂದೆ 'ಪತ್ತೆಯಿಲ್ಲ' ಅಂತಿದೆ. ಮಗನ್ನ ಕಳ್ಕೊಂಡ ಹದಿಮೂರು ಮನೆಯವರು ನಾಳೆ ನನ್ನನ್ನ ಕೇಳಿದ್ರೆ ಏನಂತ ಹೇಳಲಿ? ಒಂದು ಕಾಗದ ತಂದುಕೊಡು, ನಾನೇ ನಿಂತು ಕೆತ್ತಿಸ್ತೀನಿ."

"ಪತ್ತೆಯಿಲ್ಲ ಅಂದ್ರೆ ಓಡಿಹೋದ ಅಂತಾನಾ?"

"ನಾನು ಹಾಗಂದೆನಾ?"

"ನೀವನ್ನಲ್ಲ. ಯಾರೂ ಅನ್ನಲ್ಲ. ಊರವರು ಅಂಗಡಿಗೆ ಹೆಸರಿಟ್ಟಿದ್ದಾರೆ, ಅಷ್ಟೇ."

ಊರಿಟ್ಟ ಹೆಸರು 'ಓಡುಗಾಲು ಟೈಲರ್'. ಬೋರ್ಡಿನ ಮೇಲೆ ಬೇರೆ ಹೆಸರಿತ್ತು, ಅದನ್ನು ಓದುವವರಿರಲಿಲ್ಲ. "ಓಡುಗಾಲಿಗೆ ಪ್ಯಾಂಟು ಕೊಟ್ಟಿದ್ದೀನಿ, ಅದೂ ಓಡಿಹೋದ್ರೆ ಗತಿಯೇನು" ಎಂಬ ಹಾಸ್ಯ ದರ್ಜಿ ಹುಟ್ಟುವ ಮೊದಲೇ ಹಳಸಿತ್ತು, ಆದರೂ ಜನ ಬಡಿಸುತ್ತಲೇ ಇದ್ದರು. ಏಳನೇ ತರಗತಿಯಲ್ಲಿ, ಮೇಷ್ಟ್ರು ಹದಿಮೂರು ಹೆಸರು ಓದಿ ಎಲ್ಲರನ್ನೂ ಮೌನವಾಗಿ ನಿಲ್ಲಿಸಿದ್ದಾಗ, ಹಿಂದಿನ ಸಾಲಿನವನೊಬ್ಬ "ನಿಮ್ಮಜ್ಜಿಯ ಅಣ್ಣ ಈಗ ಎಲ್ಲೀತನಕ ಓಡಿರಬಹುದೋ?" ಎಂದು ಕಿವಿಯಲ್ಲಿ ಕೇಳಿದ. ದರ್ಜಿ ಕಂಪಾಸು ಡಬ್ಬಿ ಎತ್ತಿ ಅವನ ಮೂಗಿಗೆ ಬಾರಿಸಿದ. ಕ್ಷಮೆ ಕೇಳಿದರೆ ಮಾತ್ರ ಒಳಗೆ ಬಾ ಎಂದರು ಮೇಷ್ಟ್ರು. ಅವನು ಕೇಳಲಿಲ್ಲ. ಮಾರನೇ ದಿನದಿಂದ ಹೊಲಿಗೆ ಯಂತ್ರದ ಮುಂದೆ ಕುಳಿತ.

ಔಷಧಿ ಅಂಗಡಿಯವರು ಹೋದ ಮೇಲೆ ಅವನು ಕೋಟನ್ನು ಮೇಜಿನ ಮೇಲೆ ಎಸೆದ. "ಬಿಡಿಸಿ ಕೊಡ್ತೀನಿ ಅಜ್ಜಿ. ಆದ್ರೆ ಇದನ್ನ ತೊಟ್ಟು ನೋಡಲ್ಲ."

"ಹಾಗಾದ್ರೆ ಮುಟ್ಟಬೇಡ," ಎಂದಳು ಅಜ್ಜಿ, ತಲೆ ಎತ್ತದೆ.

ಆ ಅಂಗಡಿಗೆ ಅಜ್ಜಿಯ ಅಪ್ಪ ಹಾಕಿಕೊಟ್ಟ ಎರಡು ಪದ್ಧತಿಗಳಿದ್ದವು. ಕೋಟು ಯಾರದೇ ಆಗಲಿ, ಕಾಲರಿನೊಳಗೆ ಕೆಂಪು ದಾರದಲ್ಲಿ ಅವರ ಹೆಸರು ಹೊಲಿಯಬೇಕು. ಹೊಲಿದವರು ಅದನ್ನು ಒಮ್ಮೆ ತಾವೇ ತೊಟ್ಟು, ಕೈ ಮೇಲೆತ್ತಿ, ಭುಜ ಹಿಡಿಯುತ್ತದೆಯೇ ಎಂದು ನೋಡಿಯೇ ಕೊಡಬೇಕು. ಅಣ್ಣ ಹತ್ತೊಂಬತ್ತಕ್ಕೆ ಯುದ್ಧಕ್ಕೆ ಹೊರಟಾಗ ಅಜ್ಜಿಗೆ ಹತ್ತು ವರ್ಷ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿ ಮನೆಯಲ್ಲಿದ್ದದ್ದು ಒಂದೇ. ಅದನ್ನು ಅವನು ಕೊಂಡೊಯ್ದ. "ಬಂದ ಮೇಲೆ ನಿನಗೇ" ಎಂದಿದ್ದ. ಅಂದಿನಿಂದ ಅವಳು ಬೆರಳಿಗೆ ಚರ್ಮದ ಚೂರು ಸುತ್ತಿಕೊಂಡೇ ಹೊಲಿಯುತ್ತಿದ್ದಳು. ಅಪ್ಪನ ನಂತರ ಅಂಗಡಿ ನಡೆಸಿದವಳೂ ಅವಳೇ.

ಎರಡು ಪದ್ಧತಿಗಳಲ್ಲಿ ಮೊದಲನೆಯದನ್ನು ಒಪ್ಪದ ಗಿರಾಕಿ ಒಬ್ಬರೇ: ಔಷಧಿ ಅಂಗಡಿಯವರ ಅಪ್ಪ. ಯುದ್ಧದಿಂದ ಜೀವಂತ ಮರಳಿದ ಅವರನ್ನು ಊರು ಸಿಪಾಯಿ ತಾತ ಎನ್ನುತ್ತಿತ್ತು. ಅವರು ಸತ್ತಾಗ ದರ್ಜಿಗೆ ಆರು ವರ್ಷ. ಆದರೂ ನೆನಪಿತ್ತು. ಚಳಿ ಶುರುವಾಗುವ ಮೊದಲ ವಾರ ಅವರು ಕೋಟು ತರುತ್ತಿದ್ದರು. ಅದು ಎಲ್ಲೂ ಹರಿದಿರುತ್ತಿರಲಿಲ್ಲ. "ಭುಜ ಒಂದ್ಸಲ ನೋಡಮ್ಮ" ಎನ್ನುವರು. ಬೆಂಚಿನ ತುದಿಯಲ್ಲಿ ಕುಳಿತು ಅಜ್ಜಿಯ ಬೆರಳನ್ನೇ ನೋಡುವರು. ಅವಳು ಕೆಂಪು ದಾರಕ್ಕೆ ಕೈ ಹಾಕಿದರೆ ಮಾತ್ರ ದಡಕ್ಕನೆ ಏಳುವರು. "ಹೆಸರು ಬೇಡಮ್ಮ. ಹೆಸರೊಂದು ಬೇಡ." ಅವಳು ಕೋಟು ತೊಟ್ಟು ನೋಡುವಾಗ ಅವರು ಬೀದಿಯ ಕಡೆ ಮುಖ ತಿರುಗಿಸುವರು. ಹೆಂಗಸಿನ ಮರ್ಯಾದೆಗೆ ಎಂದು ಎಲ್ಲರೂ ತಿಳಿದಿದ್ದರು.

ಕಾಗದ ತಾ ಎಂದರಲ್ಲ, ತರುತ್ತೇನೆ ಎಂದು ದರ್ಜಿ ಹಟ ಹಿಡಿದ. ಮಧ್ಯಾಹ್ನ ಅಂಗಡಿ ಮುಚ್ಚುವ ಎರಡು ಗಂಟೆ ಗ್ರಂಥಾಲಯದಲ್ಲಿ ಕಳೆದ. ಅಲ್ಲಿನ ಮೇಡಂ ಕಂಪ್ಯೂಟರಿನಲ್ಲಿ ಆ ದೂರದ ದೇಶದ ಸೈನಿಕ ಸಮಾಧಿಗಳ ದಾಖಲೆ ತೆರೆದುಕೊಟ್ಟರು. ಒಂದೇ ಅಳತೆಯ ಬಿಳಿ ಕಲ್ಲುಗಳು, ಕತ್ತರಿಸಿದ ಹುಲ್ಲು, ಸಾಲು, ಮತ್ತೆ ಸಾಲು. ತನ್ನ ಊರಿನವರನ್ನು ಯಾರೋ ಗೊತ್ತಿಲ್ಲದವರು ಇಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಿದ್ದಾರೆ ಎಂಬುದು ದರ್ಜಿಗೆ ಮೊದಲು ಸಂಕಟ ತಂದಿತು, ಆಮೇಲೆ ಸಿಟ್ಟು. ಎಂಟು ದಿನ ಹುಡುಕಿದರೂ ಅಜ್ಜಿಯ ಅಣ್ಣ ಸಿಗಲಿಲ್ಲ.

ಒಂಬತ್ತನೇ ದಿನ ಮೇಡಂ ಅಂದರು, "ಹೆಸರು ಬಿಡು. ಊರು ಹಾಕಿ ನೋಡೋಣ."

ಹದಿಮೂರು ಬರಬೇಕಿತ್ತು. ಹದಿನಾಲ್ಕು ಬಂತು. ಹದಿನಾಲ್ಕನೆಯ ಹೆಸರು ಓದಿ ದರ್ಜಿ ಜೋರಾಗಿ ನಕ್ಕುಬಿಟ್ಟ. "ಇದು ಸಿಪಾಯಿ ತಾತ! ಇಲ್ಲೇ ಮಂಚದ ಮೇಲೆ ಸತ್ತವರಿಗೆ ಅಲ್ಲೂ ಒಂದು ಸಮಾಧೀನಾ? ದೊಡ್ಡ ಮನುಷ್ಯರಿಗೆ ಎಲ್ಲಾ ಎರಡೆರಡು!"

"ತಡಿ, ಷರಾ ಇದೆ," ಎಂದು ಮೇಡಂ ಕನ್ನಡಕ ಏರಿಸಿದರು. "ಕೊರಳಿನ ಬಿಲ್ಲೆ ಸಿಕ್ಕಿಲ್ಲ. ಗುರುತು: ಕೋಟಿನ ಕಾಲರಿನೊಳಗೆ ಕೆಂಪು ದಾರದಲ್ಲಿ ಹೊಲಿದ ಹೆಸರು. ಬಲಗೈ ನಡುಬೆರಳಲ್ಲಿ ಹಿತ್ತಾಳೆಯದೊಂದು ಟೋಪಿ. ದರ್ಜಿಗಳು ಹಾಕ್ಕೋತಾರಲ್ಲ, ಅದು."

ದರ್ಜಿ ತನ್ನ ನಡುಬೆರಳನ್ನು ನೋಡಿಕೊಂಡ. ಆಮೇಲೆ ಮೇಡಂ ಏನು ಹೇಳಿದರೋ ಅವನಿಗೆ ಕೇಳಿಸಲಿಲ್ಲ.

ಅಜ್ಜಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬೆರಳಿನ ಟೋಪಿ ಎಂದ ಕೂಡಲೇ ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು.

"ಪೆದ್ದ," ಎಂದಳು. "ಅಲ್ಲೂ ಎಲ್ಲರ ಕೋಟಿಗೂ ಹೆಸರು ಹೊಲಿದುಕೊಟ್ಟಿದ್ದಾನೆ. ಗೆಳೆಯನ ಕೋಟು ರಿಪೇರಿ ಮಾಡಿ, ಭುಜ ಕೂರುತ್ತಾ ಅಂತ ತೊಟ್ಟು ನೋಡಿದ್ದಾನೆ. ಯುದ್ಧದಲ್ಲೂ ತೊಟ್ಟು ನೋಡಬೇಕಾಗಿತ್ತೇನೋ ನಿನಗೆ?"

ಎಪ್ಪತ್ತಾರು ವರ್ಷದ ಹಿಂದೆ ಹೋದ ಹುಡುಗನನ್ನು ಅವಳು ಈಗ ಎದುರಿಗೆ ನಿಲ್ಲಿಸಿಕೊಂಡು ಬೈಯುತ್ತಿದ್ದಳು. ಅಳು ಬಂದದ್ದು ಆಮೇಲೆ.

ದರ್ಜಿ ಬಾಗಿಲಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದ. "ತಾತನಿಗೆ ಎಲ್ಲಾ ಗೊತ್ತಿತ್ತು ಅಜ್ಜಿ. ವರ್ಷ ವರ್ಷ ಬಂದು ನಿನ್ನೆದುರು ಕೂತು ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ರು. ಉದ್ಘಾಟನೆ ದಿನ ಮೈಕ್ ಕಿತ್ಕೊಂಡು ಹೇಳ್ತೀನಿ ನೋಡು."

"ಮೊದಲು ಅವನ ಮಗನನ್ನ ಕೇಳು. ಮೈಕ್ ಎಲ್ಲೂ ಹೋಗಲ್ಲ."

ಔಷಧಿ ಅಂಗಡಿಯಲ್ಲಿ ಗಿರಾಕಿಗಳು ಖಾಲಿಯಾಗುವವರೆಗೆ ಕಾದು, ದರ್ಜಿ ದಾಖಲೆಯ ಪ್ರತಿಯನ್ನು ಗಾಜಿನ ಕಪಾಟಿನ ಮೇಲಿಟ್ಟ. ಅವರು ಎರಡು ಸಲ ಓದಿದರು. ಕಿವಿ ಕೆಂಪಾಯಿತು.

"ಯಾವನೋ ಗುಮಾಸ್ತ ಮಾಡಿದ ತಪ್ಪಿಗೆ ನಮ್ಮಪ್ಪನ ಮೇಲೆ ಕೆಸರು ಎರಚ್ತೀಯೇನೋ? ಮೊದಲು ಅಪ್ಪ ಸತ್ತ ಅಂತ ಸುದ್ದಿ ಬಂದಿತ್ತು, ನಿಜ. ಎರಡು ತಿಂಗಳಾದ ಮೇಲೆ ಇನ್ನೊಂದು ದಂಡಿನ ಆಸ್ಪತ್ರೇಲಿ ಜ್ವರ ಬಂದು ಮಲಗಿದ್ದು ಸಿಕ್ಕಿದ್ರು. ಬೇರೆ ಕೋಟು ಕೊಟ್ರು, ಪಟ್ಟಿಯಿಂದ ಹೆಸರು ತೆಗೆದ್ರು, ಮುಗೀತು."

"ಪಟ್ಟಿಯಿಂದ ತೆಗೆದ್ರು. ಸಮಾಧಿ ಕಲ್ಲಿನಿಂದ ತೆಗೀಲಿಲ್ಲ. ಆ ಕಲ್ಲಿನ ಕೆಳಗಿರೋದು ಯಾರು ಸಾರ್?"

"ನನಗೇನು ಗೊತ್ತು!"

"ನಿಮ್ಮಪ್ಪನ ಕೋಟು ಅವರ ಮೈಮೇಲೆ ಇರ್ಲಿಲ್ಲ. ಕೋಟಿಲ್ಲದೆ ಇನ್ನೊಂದು ದಂಡಿನ ಹತ್ರ ಹೇಗೆ ಹೋದ್ರು? ನಡ್ಕೊಂಡಾ, ಓಡ್ಕೊಂಡಾ?"

"ಹೊರಗೆ ನಡಿ," ಎಂದರು ಅವರು. ದನಿ ಮಾತ್ರ ಏರಲಿಲ್ಲ.

ನಾಲ್ಕು ದಿನ ಸುದ್ದಿಯಿಲ್ಲ. ಪಕ್ಕದ ಹೊಲಿಗೆ ಬಿಚ್ಚಿದ್ದ ಕೋಟು ಮೊಳೆಯಲ್ಲಿ ನೇತಾಡುತ್ತಲೇ ಇತ್ತು. ದರ್ಜಿ ದಿನಕ್ಕೆ ಹತ್ತು ಸಲ ಅದನ್ನು ನೋಡುವನು. ಮೈಕಿನಲ್ಲಿ ಏನೇನು ಹೇಳಬೇಕೆಂದು ಇಸ್ತ್ರಿ ಹಾಕುತ್ತ ಗಟ್ಟಿಯಾಗಿ ಅಭ್ಯಾಸ ಮಾಡುವನು. ಒಂದು ಅಂಗಿ ಸುಟ್ಟುಹಾಕಿದ.

ಉದ್ಘಾಟನೆಗೆ ಇನ್ನು ಆರು ದಿನವಿರುವಾಗ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಔಷಧಿ ಅಂಗಡಿಯವರು ಮೆಟ್ಟಿಲ ಮೇಲೆ ನಿಂತಿದ್ದರು. ಗಡ್ಡ ಬೋಳಿಸಿರಲಿಲ್ಲ. ದರ್ಜಿಯ ಮುಖ ನೋಡದೆ ಸೀದಾ ಅಜ್ಜಿಯ ಹತ್ತಿರ ಹೋಗಿ, ಅಪ್ಪ ಕೂರುತ್ತಿದ್ದ ಅದೇ ಬೆಂಚಿನ ತುದಿಯಲ್ಲಿ ಕುಳಿತರು.

"ಅಮ್ಮಾ, ಮೂವತ್ತು ವರ್ಷದ ಹಿಂದೆ ಆ ಸಮಾಧಿ ನೋಡ್ಕೊಳ್ಳೋರು ಅಪ್ಪನ ವಿಳಾಸಕ್ಕೆ ಒಂದು ಕಾಗದ ಬರೆದಿದ್ರು. ನಿಮ್ಮ ಮನೆಯವರ ಸಮಾಧಿ ಇದೆ, ಫೋಟೋ ಬೇಕಾ ಅಂತ. ನಾವೆಲ್ಲ ತಮಾಷೆ ಮಾಡಿ ನಕ್ಕಿದ್ವಿ. ಅಪ್ಪ ನಗ್ಲಿಲ್ಲ. ಅದು ಮೇಜಿನ ಖಾನೇಲಿ ಇತ್ತು. ಹಿಂದುಗಡೆ ಬರೆದಿರೋದನ್ನ ನಾನು ಯಾವತ್ತೂ ತಿರುಗಿಸಿ ನೋಡಿರಲಿಲ್ಲ."

ಅವರು ಓದಿದರು. ಓದುವಾಗ ಔಷಧಿ ಚೀಟಿ ಓದುವಂತೆ ಒಂದೊಂದೇ ಪದ ಬಿಡಿಸಿದರು.

"ಮಾನ್ಯರೇ, ಆ ಸಮಾಧಿಯಲ್ಲಿರುವುದು ನಾನಲ್ಲ, ನಮ್ಮೂರಿನ ದರ್ಜಿ. ಹೊಲಿದ ಮೇಲೆ ನನ್ನ ಕೋಟನ್ನು ತೊಟ್ಟು ನೋಡುತ್ತಿದ್ದ. ಮೊದಲ ಗುಂಡು ಬಿದ್ದಾಗ ನಾನು ಅವನನ್ನು ಬಿಟ್ಟು ಓಡಿದೆ."

ಅಷ್ಟೇ ಇತ್ತು. ಅದನ್ನು ಹೊಡೆದುಹಾಕಿ ಕೆಳಗೆ ಮತ್ತೆ ಅದನ್ನೇ ಬರೆದಿದ್ದರು. ನಾಲ್ಕು ಸಲ ಶುರುಮಾಡಿ, ನಾಲ್ಕು ಸಲವೂ 'ಓಡಿದೆ' ಎಂಬಲ್ಲಿಗೇ ಪೆನ್ನು ನಿಂತಿತ್ತು.

"ಓಡಿದವನು ನಮ್ಮಪ್ಪ," ಎಂದರು ಅವರು. "ಹೆಸರು ನಿಮ್ಮ ಮನೆಗೆ ಬಂತು. ಉದ್ಘಾಟನೆ ದಿನ ಮೈಕಿನಲ್ಲಿ ನಾನೇ ಹೇಳ್ತೀನಮ್ಮ. ಇವನು ಹೇಳೋದಕ್ಕಿಂತ ಮೊದಲು."

ದರ್ಜಿ ಇಷ್ಟು ವರ್ಷ ಕಾದಿದ್ದು ಈ ಮಾತಿಗೇ. ನಾಲಿಗೆಯ ತುದಿಗೆ ತಾನು ಕೇಳಿಸಿಕೊಂಡ ಹೀಯಾಳಿಕೆಗಳೆಲ್ಲ ಬಂದವು. ಎದುರಿಗೆ ಕುಳಿತಿದ್ದ ಅರವತ್ತೈದರ ಮನುಷ್ಯ ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನಂತೆ ನೆಲ ನೋಡುತ್ತಿದ್ದ. ಅವರಿಗೂ ಮೊಮ್ಮಕ್ಕಳಿದ್ದರು. ಒಬ್ಬಳು ಈಗ ಏಳನೇ ತರಗತಿ. ಅವಳ ಸಮವಸ್ತ್ರ ಹೊಲಿದದ್ದು ದರ್ಜಿಯೇ.

ಅಜ್ಜಿ ಅವನತ್ತ ನೋಡಿದಳು.

"ಅದೊಂದು ಹೇಳ್ಬೇಡಿ ಸಾರ್," ಎಂದ ದರ್ಜಿ. "ಅಜ್ಜಿಯ ಅಣ್ಣ ಅಲ್ಲಿ ಸತ್ತರು ಅಂತ ಹೇಳಿ. ಅವರ ಸಮಾಧಿ ಸಿಕ್ಕಿದೆ ಅಂತ ಹೇಳಿ. ಸಾಕು. ಆ ಅಡ್ಡಹೆಸರು ಏನು ಅಂತ ನನಗೆ ಗೊತ್ತು. ಇನ್ನೊಂದು ಮನೆಗೆ ಬೇಡ."

"ಹತ್ತೊಂಬತ್ತು ವರ್ಷದ ಮಕ್ಕಳಪ್ಪ ಇಬ್ಬರೂ," ಎಂದಳು ಅಜ್ಜಿ. "ಒಬ್ಬನಿಗೆ ಹೆದರಿಕೆ ಆಯ್ತು. ಇನ್ನೊಬ್ಬನಿಗೆ ಹೆದರೋಕೂ ಪುರುಸೊತ್ತು ಇರ್ಲಿಲ್ಲ, ಹೊಲಿಗೆ ನೋಡ್ತಿದ್ದ. ಓಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಇಲ್ಲಿ ಬಂದು ಕೂತೂ ಬಾಯಿ ಬಿಡ್ಲಿಲ್ವಲ್ಲ, ಅದಕ್ಕಿದೆ. ಅದು ಇರ್ಲಿ ಬಿಡು, ನನ್ನ ಜೊತೇಲೇ ಹೋಗುತ್ತೆ."

ಅವರು ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಸಮಾಧಿಯ ಕಲ್ಲಿನ ಹೆಸರು ಬದಲಿಸಿ ಎಂದು ಆ ದೂರದ ಕಚೇರಿಗೆ ಬರೆದ ಪತ್ರ. ಅಪ್ಪ ನಿಲ್ಲಿಸಿದ ಸಾಲನ್ನು ಮಗ ಮುಗಿಸಿ ಸಹಿ ಹಾಕಿದ್ದರು. ಉದ್ಯಾನದ ಕಲ್ಲಿನಲ್ಲಿ ಹದಿನಾಲ್ಕನೆಯ ಸಾಲಿಗೆ ಜಾಗ ಬಿಡಲು ಕೆತ್ತುವವನಿಗೆ ನಿನ್ನೆಯೇ ಹೇಳಿಬಂದಿದ್ದರು.

"ಇನ್ನೊಂದು ಕೆಲಸ ಅಮ್ಮಾ. ಆ ಕೋಟಿನ ಕಾಲರಿಗೆ ಹೆಸರು ಹೊಲಿದುಕೊಡಿ."

"ನಿನ್ನದಾ? ನಿಮ್ಮಪ್ಪಂದಾ?"

"ನಿಮ್ಮಣ್ಣಂದು."

ದರ್ಜಿ ಮೊಳೆಯಿಂದ ಕೋಟು ಇಳಿಸಿದ. ಪಕ್ಕದ ಹೊಲಿಗೆಯನ್ನು ಅವನು ಹಾಕಿದ. ಕಾಲರನ್ನು ಅಜ್ಜಿ ತೊಡೆಯ ಮೇಲೆಳೆದುಕೊಂಡಳು. ದಾರ ಪೋಣಿಸಲು ಆರು ಸಲ ತಪ್ಪಿತು. ಸೂಜಿಗೆ ಬೈಗುಳ ಬಿತ್ತು. ಗಿರಾಕಿಗಳು ಬಂದು ಇಣುಕಿ, ಆಮೇಲೆ ಬರ್ತೀವಿ ಎಂದು ಹೋದರು. ಔಷಧಿ ಅಂಗಡಿಯವರು ಬೆಂಚಿನಿಂದ ಏಳಲಿಲ್ಲ.

ಕೊನೆಯ ಗಂಟು ಹಾಕಿ, ದಾರ ಕಚ್ಚಿ, ಅಜ್ಜಿ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. "ಹಿಡಿಯೋ," ಎಂದು ಮೊಮ್ಮಗನಿಗೆ ತೋಳು ಚಾಚಿದಳು. ಅವನು ಕೋಟನ್ನು ಅವಳ ಬೆನ್ನಿಗೆ ಏರಿಸಿ, ಗುಂಡಿ ಒಂದೊಂದಾಗಿ ಹಾಕಿದ. ತೋಳು ಅವಳ ಬೆರಳುಗಳನ್ನು ದಾಟಿ ಕೆಳಗೆ ಜೋತುಬಿದ್ದಿತ್ತು. ಅಂಚು ಮೊಣಕಾಲಿಗೆ ಬಂದಿತ್ತು. ಅವಳು ಮೆಲ್ಲಗೆ ಎರಡೂ ಕೈಗಳನ್ನು ಮೇಲೆತ್ತಿದಳು, ಭುಜ ಹಿಡಿಯುತ್ತದೆಯೇ ಎಂದು ನೋಡಲು.

ಔಷಧಿ ಅಂಗಡಿಯವರು ಬೀದಿಯ ಕಡೆ ಮುಖ ತಿರುಗಿಸಲಿಲ್ಲ.

"ಸರಿಯಾಗಿದೆಯಾ ಅಜ್ಜಿ?" ಎಂದು ದರ್ಜಿ ಕೇಳಿದ.

"ಸ್ವಲ್ಪ ಇರು," ಎಂದಳು ಅವಳು. "ಇನ್ನೂ ನೋಡ್ತಿದ್ದೀನಿ."