ಅಕ್ಕಯಮ್ಮನ ಕಾಲುಗುರು

ಸಾಲೋಮಿಯವರು ಜಯನಗರದ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದವರು. ಜೆ.ಪಿ. ನಗರದ ತಮ್ಮ ಚರ್ಚಿನಲ್ಲಿ, ಕಾಯಿಲೆಯವರನ್ನು ನೋಡಿಬರುವ ಹೆಂಗಸರ ತಂಡ ಕಟ್ಟಿದ್ದು ಅವರೇ. ಪ್ರತಿ ಬುಧವಾರ ಒಂಬತ್ತು ಜನ ಹೊರಡುತ್ತಿದ್ದರು. ಒಂದಷ್ಟು ಹಣ್ಣು, ಒಂದು ಹಾಡು, ಒಂದು ಪ್ರಾರ್ಥನೆ, ಕೊನೆಗೆ ಮಂಚದ ಸುತ್ತ ನಿಂತು ಫೋಟೋ. ಸಂಜೆಯೊಳಗೆ ಅದು ಚರ್ಚಿನ ವಾಟ್ಸಾಪ್ ಗ್ರೂಪಿಗೆ ಹೋಗುತ್ತಿತ್ತು. ಜನ ಬರೆದ ಮೆಚ್ಚುಗೆಯನ್ನು ಸಾಲೋಮಿ ಒಂದೂ ಬಿಡದೆ ಓದುತ್ತಿದ್ದರು.

ತಂಡದ ರಾಜಶ್ರೀ ವಸಂತಪುರದಲ್ಲಿ ಬಾಡಿಗೆಗಿದ್ದಳು. ಮನೆ ಓನರ್ ಅಕ್ಕಯಮ್ಮ ಲಕ್ವ ಹೊಡೆದು ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದರು. "ಅವ್ರು ನಮ್ಮ ಚರ್ಚಿನವರಲ್ಲ ಮೇಡಂ. ಆದ್ರೂ ಒಂದ್ಸಲ ನೋಡ್ಕೊಂಡು ಬರೋಣ್ವಾ?" ಎಂದು ರಾಜಶ್ರೀ ಕೇಳಿದಳು. ಸಾಲೋಮಿ ಒಪ್ಪಿದರು.

ಅಕ್ಕಯಮ್ಮ ಹಾಡನ್ನು ಸುಮ್ಮನೆ ಕೇಳಿದರು. ಫೋಟೋಗೆಂದು ಫೋನು ಎತ್ತಿದಾಗ ಮಾತ್ರ ಬೇಡವೆಂದು ಕೈಯಾಡಿಸಿದರು.

"ಪಟ ಗಿಟ ಬ್ಯಾಡ ಕಣವ್ವ. ಪುರುಸೊತ್ತಿದ್ರೆ ನನ್ ಕಾಲುಗುರು ತೆಗ್ದು ಹೋಗ್ರಿ. ಹೊದಿಕೆಗೆ ಸಿಕ್ಕಾಕ್ಕಂಡು ಜೀವ ಹೋಯ್ತದೆ."

ಆಡುವ ಕೈಯಿಂದ ಅವರೇ ಹೊದಿಕೆ ಸರಿಸಿದರು. ಉಗುರುಗಳು ಹಳದಿಗಟ್ಟಿ, ದಪ್ಪಗಾಗಿ, ಬೆರಳಿನ ಮೇಲೆ ಬಾಗಿದ್ದವು. ಒಂಬತ್ತು ಜನರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಯಾರೋ ಗಡಿಯಾರ ನೋಡಿದರು. "ಮುಂದಿನ ವಾರ ಬರ್ತೀವಜ್ಜಿ" ಎಂದು ಹೇಳಿ ಸಾಲೋಮಿ ಎಲ್ಲರನ್ನೂ ಹೊರಡಿಸಿಕೊಂಡು ಬಂದರು.

ಮನೆಗೆ ಬಂದರೂ ಆ ಉಗುರುಗಳು ಕಣ್ಣೆದುರಿಂದ ಹೋಗಲಿಲ್ಲ. ಯೇಸು ನಡುವಿಗೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದನ್ನು ಇಪ್ಪತ್ತು ವರ್ಷ ಸಂಡೇ ಸ್ಕೂಲಿನ ಮಕ್ಕಳಿಗೆ ಚಿತ್ರ ತೋರಿಸಿ ಹೇಳಿಕೊಟ್ಟವರು ಅವರು. ತಾವು ಯಾರ ಕಾಲನ್ನು ಮುಟ್ಟಿದ್ದೇವೆ ಎಂದು ಯೋಚಿಸಿದರೆ ಹೆತ್ತ ತಾಯಿಯದು ಬಿಟ್ಟು ಬೇರೆ ನೆನಪಾಗಲಿಲ್ಲ.

ಶುಕ್ರವಾರ ಮೆಡಿಕಲ್ ಸ್ಟೋರಿನಲ್ಲಿ ದೊಡ್ಡ ನೇಲ್ ಕಟರ್ ಕೊಂಡು ಒಬ್ಬರೇ ವಸಂತಪುರದ ಬಸ್ಸು ಹತ್ತಿದರು. ಬಾಗಿಲು ಓರೆಯಾಗಿತ್ತು. ಬುಧವಾರ ಮನೆಯಲ್ಲಿರದಿದ್ದ ಅಕ್ಕಯಮ್ಮನ ಸೊಸೆ ಅರ್ಪಿತ ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಮೀಟಿಂಗಿನಲ್ಲಿದ್ದಳು. ಅಕ್ಕಯಮ್ಮ ಹೇಳಿದಂತೆ ಸಾಲೋಮಿ ಬಚ್ಚಲಿನಿಂದ ಬಿಸಿನೀರು ತಂದು, ಒಂದೊಂದೇ ಕಾಲನ್ನು ಬೇಸಿನ್ನಿನಲ್ಲಿ ನೆನೆಸಿ, ನೋಯುವ ಮಂಡಿಯನ್ನು ಮಡಿಸಿಕೊಂಡು ನೆಲದಲ್ಲಿ ಕೂತರು. ಬೆಚ್ಚಗಿನ ನೀರಿಗೆ ಅಜ್ಜಿಗೆ ಜೊಂಪು ಹತ್ತಿತು.

ಎರಡು ಉಗುರು ಮುಗಿದಿತ್ತು. ಅರ್ಪಿತ ಹೊರಗೆ ಬಂದಳು.

"ಹೋಮ್ ನರ್ಸ್ ಏಜೆನ್ಸಿಯಿಂದ ಬಂದ್ರಾ? ಬೆಳಿಗ್ಗೆಯಿಂದ ಕಾಯ್ತಿದೀನಿ. ಉಗುರು ಆಮೇಲಾಗ್ಲಿ, ಮೊದ್ಲು ಬೆಡ್‌ಶೀಟ್ ಚೇಂಜ್ ಮಾಡಿ. ಒದ್ದೆಯಾಗಿದೆ, ಕಾಣಲ್ವಾ?"

ಸಾಲೋಮಿಯವರ ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಅವರು ಕೋಣೆಗೆ ಕಾಲಿಟ್ಟರೆ ಜನ ಎದ್ದು ನಿಲ್ಲುತ್ತಿದ್ದರು. 'ನಾನು ಯಾರು ಗೊತ್ತೇನಮ್ಮ' ಎನ್ನುವುದು ನಾಲಿಗೆಯ ತುದಿಗೆ ಬಂತು. ಶೀಟು ನೋಡಿದರು. ಒದ್ದೆಯಾಗಿದ್ದದ್ದು ನಿಜ.

"ಒಗ್ದಿರೋದು ಎಲ್ಲಿದೆ?" ಎಂದು ಕೇಳಿದರು.

ತಾಯಿಯ ಕೊನೆಗಾಲದಲ್ಲಿ ಕಲಿತ ಕೆಲಸ ಕೈಗೆ ನೆನಪಿತ್ತು. ಅಜ್ಜಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಅರ್ಧ ಹಾಸಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಉಳಿದರ್ಧ ಎಳೆದರು. ಅಷ್ಟರಲ್ಲಿ ಅಕ್ಕಯಮ್ಮನಿಗೆ ಎಚ್ಚರವಾಯಿತು.

"ಲೇ ಅರ್ಪಿತ, ಅವ್ರು ಏಜೆನ್ಸಿಯೋರಲ್ಲ ಕಣೇ! ಚರ್ಚ್‌ನೋರು, ದೊಡ್ ಮೇಡಮ್ಮು!"

ಅರ್ಪಿತಳ ಮುಖ ಸಣ್ಣಗಾಯಿತು. "ಅಯ್ಯೋ, ಸಾರಿ ಆಂಟಿ, ನಾನು..."

"ಪರವಾಗಿಲ್ಲಮ್ಮ, ಆ ತುದಿ ಸ್ವಲ್ಪ ಎಳೀರಿ" ಎಂದರು ಸಾಲೋಮಿ.

ಅಂದಿನಿಂದ ಬುಧವಾರದ ಭೇಟಿ ಬದಲಾಯಿತು. ಏನು ಮಾಡಿಕೊಡಬೇಕು ಎಂದು ಮೊದಲು ಕಾಯಿಲೆಯವರನ್ನೇ ಕೇಳುವುದು, ಆಮೇಲೆ ಹಾಡು. ತಲೆ ಬಾಚುವುದು, ಪಾತ್ರೆ ತೊಳೆಯುವುದು, ಮಾತ್ರೆ ತಂದುಕೊಡುವುದು. ಒಂದು ತಿಂಗಳೊಳಗೆ ಒಂಬತ್ತು ಜನ ಮೂವರಾದರು. ಕೆಲವರಿಗೆ ಬೆನ್ನುನೋವು, ಕೆಲವರಿಗೆ ನೆಂಟರು. ಸಾಲೋಮಿಯವರಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ, ಯಾರಿಗೂ ಹೇಳಿಕೊಳ್ಳದ, ಏನೋ ಒಂದು ಸಿಹಿಯೂ ಇತ್ತು. 'ಉಳಿದವರ ಕೈಲಾಗದ್ದು ನನ್ನ ಕೈಲಾಗುತ್ತಿದೆ' ಎಂಬ ಯೋಚನೆ.

ಮುಂದಿನ ಸಲ ಅಕ್ಕಯಮ್ಮನ ಉಗುರು ತೆಗೆಯುವಾಗಲೂ ಅದೇ ಯೋಚನೆ ಮನಸ್ಸಿನಲ್ಲಿ ಸುತ್ತುತ್ತಿತ್ತು. ಕಟರ್ ಮಾಂಸಕ್ಕೆ ತಾಗಿತು. ರಕ್ತ ಜಿನುಗಿತು.

"ಅವ್ವೋ! ಕಣ್ಣೆಲ್ಲಿಕ್ಕಿದ್ದೀಯವ್ವ?"

"ತಪ್ಪಾಯ್ತಜ್ಜಿ, ತಪ್ಪಾಯ್ತು." ಸಾಲೋಮಿ ಹತ್ತಿಗೆ ಡೆಟಾಲ್ ಹಚ್ಚಿ ಬೆರಳನ್ನು ಒತ್ತಿಹಿಡಿದರು. "ಬೇರೇನೋ ಯೋಚ್ನೆ ಮಾಡ್ತಿದ್ದೆ."

"ಏನ್ ಅಂತಾ ಯೋಚ್ನೆ?"

ಸಾಲೋಮಿ ಹತ್ತಿ ಎತ್ತಿ ರಕ್ತ ನಿಂತಿದೆಯೇ ಎಂದು ನೋಡಿದರು. ಆಮೇಲೆ ನಿಜವನ್ನೇ ಹೇಳಿದರು. "ನಾನೆಷ್ಟು ಒಳ್ಳೆಯವಳು ಅಂತ."

ಅಕ್ಕಯಮ್ಮ ಸೊಟ್ಟ ಬಾಯಲ್ಲಿ ಮಂಚ ಅಲ್ಲಾಡುವಂತೆ ನಕ್ಕರು. ನಗು ನಿಂತ ಮೇಲೆ ಇನ್ನೊಂದು ಕಾಲಿನ ಕಡೆ ಗದ್ದದಿಂದಲೇ ಸನ್ನೆ ಮಾಡಿದರು.

"ಇನ್ನೂ ಐದು ಅದವೆ. ಅದ್ ಮುಗೀಲಿ, ಆಮ್ಯಾಕೆ ಯೋಚ್ನೆ ಮಾಡುವಂತೆ."

ಸಾಲೋಮಿ ಕನ್ನಡಕ ಒರೆಸಿ ಹಾಕಿಕೊಂಡು, ಆ ಕಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.