ಅಣ್ಣನ ಕೋಣೆಯ ಬಾಗಿಲು

ಅರಗಿನ ವಾಸನೆ, ಅದರಡಿಯಲ್ಲಿ ತುಕ್ಕಿನದು, ಚೀಟಿ ಕಟ್ಟಿದ ಸೈಕಲ್ಲುಗಳು, ಒಡೆದ ಟಿವಿಗಳು, ಪೊಲೀಸರು ಜಪ್ತಿ ಮಾಡಿದ್ದೆಲ್ಲ ಬಂದು ಬೀಳುವ ಕೋಣೆ, ಎಲ್ಲಕ್ಕೂ ಹಿಂದೆ ಗೋಡೆಗೆ ಒರಗಿ ನಿಂತಿದೆಯಲ್ಲ, ಅಯ್ಯೋ, ನಮ್ಮದೇ, ಹಿಡಿಯ ಸುತ್ತ ಹಸಿರು ಬಣ್ಣ ಎದ್ದಿರುವ ಬಾಗಿಲು — ಕೋರ್ಟಿನ ಆದೇಶ ತಂಗಿಯ ಕೈಬೆವರಿಗೆ ಮೆತ್ತಗಾಗಿದೆ, ಪೇದೆ ಅದನ್ನು ಬೆಳಕಿಗೆ ಹಿಡಿದು ಓದುತ್ತಾನೆ, ಏನಮ್ಮಾ, ಜನ ಸ್ಕೂಟರ್ ಬಿಡಿಸ್ಕೊಳ್ತಾರೆ, ಚಿನ್ನ ಬಿಡಿಸ್ಕೊಳ್ತಾರೆ, ನೀವು ಬಾಗಿಲಿಗೆ ಬಂದಿದ್ದೀರಲ್ಲ, ನಕ್ಕ, ಅವಳೂ ನಗಬೇಕಿತ್ತೇನೋ, ಆ ಬೆಳಿಗ್ಗೆಯೂ ಹೀಗೇ ಪೊಲೀಸರೆದುರು ನಿಂತಿದ್ದಳು, ಗೋದಾಮಿನ ಕಳವಿಗೆ ಅಣ್ಣನನ್ನು ಹುಡುಕಿ ವಾರಂಟ್ ಹಿಡಿದು ಬಂದವರು ತಟ್ಟಿದರು, ಕೂಗಿದರು, ಒಳಗಿಂದ ಚಿಲಕ, ಕಡೆಗೆ ಕೀಲು ಬಿಚ್ಚಿ ಬಾಗಿಲನ್ನೇ ಎತ್ತಿಟ್ಟರೆ ಒಳಗೆ ಯಾರೂ ಇಲ್ಲ, ಕಿಟಕಿಯೇ ಇಲ್ಲದ ಕೋಣೆ, ಹಾಸಿಗೆ ಇನ್ನೂ ಬೆಚ್ಚಗೆ, ಹಾಕಿದ ಚಿಲಕವೇ ಸಾಕ್ಷಿ ಅಂತ ಅದನ್ನು ತೆಗೆಯದೆ ಮೇಲೆ ಅರಗಿನ ಮೊಹರು ಒತ್ತಿ ಹೊತ್ತೊಯ್ದರು — ಅಂದಿನಿಂದ ಅಮ್ಮ ಆ ಬೋಳು ಚೌಕಟ್ಟಿನ ಎದುರು ಕೂತವಳು ಏಳುವುದಿಲ್ಲ, ತುತ್ತು ಬಾಯಿಗಿಟ್ಟರೆ ಉಗಿಯುತ್ತಾಳೆ, ಒಳಗೇ ಇದಾನೆ ಕಣೇ, ಬಾಗಿಲನ್ನೇ ಒಯ್ದ್ರೆ ನನ್ನ ಮಗ ಎಲ್ಲಿಂದ ಹೊರಗೆ ಬರ್ಬೇಕು, ಹೋಗು, ತಗೊಂಡು ಬಾ, ಹುಚ್ಚು ಎಂದರು ನೆಂಟರು, ಮಗಳಿಗೆ ಮಾತ್ರ ಹಾಗನ್ನಿಸಲಿಲ್ಲ, ಅಜ್ಜಿಯ ಮಡಿಲಲ್ಲಿ ಕತೆ ಕೇಳಿ ಬೆಳೆದವಳು, ಚಿಲಕ ಹಾಕಿದ ಬಾಗಿಲನ್ನು ಎಲ್ಲಿ ಒಯ್ದರೂ ಅದರ ಹಿಂದಿನ ಕತ್ತಲೆ ಜೊತೆಗೇ ಹೋಗುತ್ತೆ ಮಗಾ ಎನ್ನುತ್ತಿದ್ದಳು ಅಜ್ಜಿ, ಆಮೇಲೆ, ಆಮೇಲೇನಾಯ್ತಜ್ಜೀ, ಆಮೇಲಿನದನ್ನು ಹೇಳುವ ಮೊದಲೇ ನಿದ್ದೆ ಬಂದುಬಿಡುತ್ತಿತ್ತು — ಸಹಿ ಹಾಕಿ, ಮೊಹರು ನಿಮ್ಮೆದುರೇ ಒಡೀಬೇಕು, ಪೇದೆ ಬಾಗಿಲ ಹಿಂದಕ್ಕೆ ಕೈ ತೂರಿಸಿದ, ಅರಗಿನ ಚೂರು ಉದುರಿತು, ಚಿಲಕ ಕಿರ್ರೆಂದು ಸರಿಯಿತು, ಇದೊಂದು ತೊಲಗಿದ್ರೆ ಸಾಕು ತಾಯಿ, ಒಬ್ಬನೇ ಕೂತಾಗ ಹಿಂದೆ ಯಾರೋ ಉಸಿರಾಡಿದ ಹಾಗಾಗುತ್ತೆ, ಅವಳು ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು, ಅಣ್ಣಾ, ಬಂದಿದೀನಿ ಕಣೋ, ಅಮ್ಮ ಕಾಯ್ತಿದಾಳೆ, ಮನೆಗೆ ಹೋಗೋಣ, ಪೇದೆ ಮೇಜಿಗೆ ಮರಳಿ ಎರಡೂ ಕೈಯಲ್ಲಿ ಕಾಗದ ಮಡಚುತ್ತಿದ್ದಾನೆ, ಎರಡೂ ಕೈ ಅಲ್ಲೇ ಇವೆ, ಹಾಗಾದರೆ ಬಾಗಿಲಿನ ಅಂಚಿನ ಮೇಲೆ ಯಾರ ಬೆರಳುಗಳು, ಒಳಗಿಂದ ಒಂದೊಂದಾಗಿ ಮಡಚಿಕೊಂಡು ಹಿಡಿಯುವ ಬೆರಳುಗಳು, ಅಣ್ಣಾ ಎನ್ನಲು ಬಾಯಿ ತೆರೆದಳು, ಬೆರಳುಗಳು, ಅಂಚಿನ ಮೇಲೆ, ಇನ್ನೂ ಬರುತ್ತಿವೆ, ಅಣ್ಣನ ಬೆರಳು ಅಷ್ಟು ಉದ್ದ ಇರಲಿಲ್ಲ, ಅಷ್ಟು ಉದ್ದ ಇರಲಿಲ್ಲ, ಅಷ್ಟು ಉದ್ದ