ಹಳದಿ ಗೆರೆಯ ಒಳಗೆ

"ಲೇ ದರಿದ್ರದವಳೇ, ಬಿಚ್ಚಬೇಡ ಅಂದ್ರೆ ಕಿವಿಗೇನು ಸೀಸ ಹುಯ್ಕೊಂಡಿದೀಯಾ? ಅದು ಫೋಟೋಗೆ ಕಣೇ, ಫೋಟೋಗೆ!"

ಮೇಸ್ತ್ರಿ ಅತ್ತಿಗೆಯ ಕೈಯಿಂದ ರಬ್ಬರಿನ ಕೈಗವಸುಗಳನ್ನು ಕಿತ್ತುಕೊಂಡ. ಅವುಗಳ ಪ್ಲಾಸ್ಟಿಕ್ ಚೀಲದ ಬಾಯಿ ಹರಿದಿತ್ತು. ಅದನ್ನು ಮಡಚಿ, ಟೇಪು ಸುತ್ತಿ, ಮೂಗಿನ ಹತ್ತಿರ ಹಿಡಿದು ನೋಡಿದ.

"ಆಗ್ಲೇ ನಿನ್ನ ನಾತ ಹತ್ತಿಸಿಬಿಟ್ಯಲ್ಲೇ, ಮುಂಡೇದೇ."

ಅತ್ತಿಗೆ ಮತ್ತೆ ಡ್ರಮ್ಮಿನೊಳಗೆ ಸೊಂಟದವರೆಗೆ ಬಗ್ಗಿದಳು. ತಳಕ್ಕೆ ಕಚ್ಚಿಕೊಂಡಿರುವ ನೇರಳೆ ಗಸಿಯನ್ನು ತಗಡಿನ ಪಟ್ಟಿಯಿಂದ ಕೆರೆಯುವುದು ಅವಳ ಕೆಲಸ. ಕೆರೆದದ್ದನ್ನು ಬಾಚಿ ತೆಗೆದು, ನೀರು ಹೊಯ್ದು ಉರುಳಿಸಿ ತೊಳೆಯುವುದು ನನ್ನದು. ಆ ನೀರು ಶೆಡ್ಡಿನ ಹಿಂದಿನ ಚರಂಡಿ ಸೇರುತ್ತಿತ್ತು. ಬಣ್ಣದ ಕಾರ್ಖಾನೆಯಲ್ಲಿ ನಮ್ಮದೇ ಕಟ್ಟಕಡೆಯ ಶೆಡ್ಡು. ಅವಳು ನನ್ನ ಅಣ್ಣನ ಹೆಂಡತಿ. ನಾನು ಕರೆಯುವುದನ್ನು ಕೇಳಿ ಶೆಡ್ಡಿನ ಹೆಂಗಸರೂ ಅತ್ತಿಗೆ ಅಂದರು, ಆಮೇಲೆ ಲೋಡಿಂಗಿನ ಗಂಡಸರೂ ಅಂದರು. ಹಲ್ಲೆಲ್ಲ ಉದುರಿದ ವಾಚ್‌ಮನ್ ಕೂಡ ಅವಳನ್ನು ಅತ್ತಿಗೆ ಎಂದೇ ಕೂಗುತ್ತಿದ್ದ.

"ಎಲ್ರೂ ಕ್ಯಾಂಟೀನಿಗೆ ಬನ್ರೇ. ಸೇಫ್ಟಿ ಟ್ರೈನಿಂಗು," ಅಂದ ಮೇಸ್ತ್ರಿ. "ಆಮೇಲೆ ಮಾಲು ಕೊಳ್ಳೋ ಕಂಪನಿಯವರು ನೋಡೋಕೆ ಬರ್ತಾರೆ. ಏನ್ ಕೇಳಿದ್ರೂ ಗೊತ್ತು ಅನ್ಬೇಕು."

ಡ್ರಮ್ಮಿನೊಳಗಿಂದ ಅತ್ತಿಗೆಯ ಕೆಮ್ಮು ಬಂತು. ಡ್ರಮ್ಮು ಅದನ್ನು ದೊಡ್ಡದು ಮಾಡಿ ಹೊರಗೆ ಕಳಿಸಿತು.

"ನೀನು ಮಾತ್ರ ಟ್ರೈನಿಂಗ್ ಮುಗಿದಿದ್ದೇ ಹಿಂದಿನ ಗೇಟಿಂದ ಹೊರಡು. ನಾಳೆಯಿಂದಾನೂ ಬರ್ಬೇಡ. ಕೆಮ್ಮೋರನ್ನ ಇಟ್ಕೊಂಡು ಬಂದೋರ ಮುಂದೆ ಕಂಪನಿ ಮಾನ ಕಳೀಬೇಡಿ ಅಂದವ್ರೆ ಮ್ಯಾನೇಜರ್ರು."

ಅತ್ತಿಗೆ ತಲೆ ಹೊರಗೆ ತೆಗೆದಳು. "ಕೆಲಸ ಬಿಡಿಸಿದೋರಿಗೆ ಟ್ರೈನಿಂಗ್ ಯಾಕೆ?"

"ತಲೆ ಕಮ್ಮಿ ಬೀಳಬಾರದಲ್ಲ, ಅದಕ್ಕೆ."

ಕ್ಯಾಂಟೀನಿಗೆ ನಮ್ಮನ್ನು ಬಿಟ್ಟದ್ದು ಅದೇ ಮೊದಲು. ನಾವು ದಿನಾ ಗೋಡೆಯ ಆಚೆ ಕೂತು ಬುತ್ತಿ ಬಿಚ್ಚುವವರು. ಒಳಗೆ ಕೆಂಪು ಹೆಲ್ಮೆಟ್ಟಿನ ಸಾಹೇಬ ಮೈಕು ಹಿಡಿದು ನಿಂತಿದ್ದ. ತಲೆಯ ಮೇಲೆ ಬೀಳಲು ಫ್ಯಾನು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಬಿಗಿದಿದ್ದ. ನಾವು ಬಾಗಿಲು ದಾಟುತ್ತಿದ್ದಂತೆ ಅವನ ಮೂಗು ಅರಳಿತು.

"ಏನೋ ಸೋರ್ತಿದೆ! ಯಾರೂ ಅಲ್ಲಾಡಬೇಡಿ!"

"ಸೋರ್ತಿಲ್ಲ ಸಾರ್," ಅಂದ ಮ್ಯಾನೇಜರ್. "ಡ್ರಮ್ ತೊಳೆಯೋ ಹೆಂಗಸರು."

ನಮ್ಮನ್ನು ಹಿಂದಿನ ಕಿಟಕಿಯ ಪಕ್ಕ ಕೂರಿಸಿದರು. ಸಾಹೇಬ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ, ಅಪಾಯದ ವಾಸನೆಯನ್ನು ಗುರುತಿಸುವುದು ಹೇಗೆ ಎಂದು ಪಾಠ ಶುರು ಮಾಡಿದ. ಪರದೆಯ ಮೇಲೆ ತಲೆಬುರುಡೆಯ ಚಿತ್ರ ಬಂತು. ಅದೇ ಬುರುಡೆ ಇರುವ ಅಂಟುಚೀಟಿಗಳನ್ನು ಎಲ್ಲರಿಗೂ ಹಂಚಿದರು. ನನ್ನ ಪಕ್ಕದವಳು ತೂಕಡಿಸಿ ಗೋಡೆಗೆ ಹಣೆ ಬಡಿಸಿಕೊಂಡಳು.

"ಕೆಮಿಕಲ್ ತಗುಲಿದ ಯಾವುದೇ ವಸ್ತು, ಚಿಂದಿ ಬಟ್ಟೆ ಇರ್ಲಿ, ಪೊರಕೆ ಇರ್ಲಿ, ಅದು ಅಪಾಯಕಾರಿ ತ್ಯಾಜ್ಯ," ಎಂದ ಸಾಹೇಬ. "ಗೇಟಿಂದ ಆಚೆ ಬಿಸಾಕಂಗಿಲ್ಲ. ಚೀಟಿ ಅಂಟಿಸಿ ಹಳದಿ ಗೆರೆ ಒಳಗೆ ಇಡ್ಬೇಕು. ನೆರಳಿರ್ಬೇಕು, ಗಾಳಿ ಆಡ್ಬೇಕು. ಲೈಸೆನ್ಸ್ ಇರೋ ಗಾಡಿ ಬಂದು ಒಯ್ಯೋವರೆಗೂ ಅದಕ್ಕೆ ಕಂಪನಿನೇ ಹೊಣೆ. ಏನಾದ್ರೂ ಕೇಳೋದಿದ್ಯಾ?"

ಅತ್ತಿಗೆ ಕೈ ಎತ್ತಿದಳು. ಮೇಸ್ತ್ರಿ ಕಣ್ಣಲ್ಲೇ ನುಂಗುವ ಹಾಗೆ ನೋಡಿದ.

"ತಗುಲಿದೆ ಅಂತ ಹೆಂಗೆ ಗೊತ್ತಾಗುತ್ತೆ ಸಾರ್?"

ಸಾಹೇಬನ ಮುಖ ಊರಗಲವಾಯಿತು. ಅವನ ಪಾಠದಲ್ಲಿ ಯಾರೂ ಪ್ರಶ್ನೆ ಕೇಳಿದ್ದೇ ಇಲ್ಲವೇನೋ. "ಭೇಷ್! ಬಣ್ಣ ನೋಡ್ಬೇಕು, ವಾಸನೆ ನೋಡ್ಬೇಕು. ತೊಳೆದ್ರೂ ಹೋಗಲ್ಲ ಅಂದ್ರೆ ಒಳಗಿಳಿದಿದೆ ಅಂತ."

ಅತ್ತಿಗೆ ತನ್ನ ಕೈಗಳನ್ನು ನೋಡಿಕೊಂಡಳು. ಮೊಣಕೈವರೆಗೂ ನೇರಳೆ. ಉಗುರುಗಳ ಬುಡ ಕಪ್ಪು.

"ಪೊರಕೆ ಸವೆದೋಯ್ತು, ಇನ್ನು ಕೆಲಸಕ್ಕೆ ಬರಲ್ಲ ಅಂದ್ರೂ ಬಿಸಾಕಂಗಿಲ್ವಾ?"

"ಕೆಲಸಕ್ಕೆ ಬರಲ್ಲ ಅಂದಾಗಲೇ ಅಲ್ವೇನಮ್ಮ ಅದು ತ್ಯಾಜ್ಯ ಆಗೋದು! ಎಲ್ರೂ ಚಪ್ಪಾಳೆ ಹೊಡೀರಿ ಈ ತಾಯಿಗೆ!"

ಎಲ್ಲರೂ ಹೊಡೆದರು. ಮ್ಯಾನೇಜರ್ ಕೂಡ ಹೊಡೆದ. ಅತ್ತಿಗೆ ನಕ್ಕಳು. ನಗು ಕೆಮ್ಮಿಗೆ ತಿರುಗಿತು, ಆದರೂ ನಗುತ್ತಲೇ ಇದ್ದಳು. ಅಣ್ಣ ಮನೆ ಸೇರಿದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಣ್ಣ ಇದೇ ಕಾರ್ಖಾನೆಯಲ್ಲಿ ಬಣ್ಣದ ಪುಡಿ ಒಣಗಿಸುವ ಕೋಣೆಯಲ್ಲಿದ್ದ. ಉಗುಳಿದ್ದೆಲ್ಲ ನೇರಳೆಯಾದಾಗ ಮೇಸ್ತ್ರಿ ಅವನನ್ನು ಬಸ್ಸು ಹತ್ತಿಸಿ ಕಳಿಸಿದ. ಅವನು ಒರಗಿದ್ದ ಕಿಟಕಿಗೆ ಕಲೆಯಾಯಿತೆಂದು ಕಂಡಕ್ಟರ್ ದಾರಿಯುದ್ದಕ್ಕೂ ಬೈದನಂತೆ. ಈಗ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ದಿಂಬನ್ನು ಎಷ್ಟು ಒಗೆದರೂ ಅಷ್ಟೇ.

ಟ್ರೈನಿಂಗ್ ಮುಗಿಯಿತು. ಮೇಸ್ತ್ರಿ ಅತ್ತಿಗೆಗೆ ಹಿಂದಿನ ಗೇಟಿನ ಕಡೆ ಗದ್ದ ತೋರಿಸಿದ. ಅವಳು ಅತ್ತ ಹೋಗಲಿಲ್ಲ. ಅಂಗಳ ದಾಟಿ ಸೀದಾ ಹೊಸ ಗೋಡೌನಿಗೆ ನಡೆದಳು. ಬರುವವರಿಗೆ ತೋರಿಸಲೆಂದೇ ಎಬ್ಬಿಸಿದ್ದ ಗೋಡೌನು ಅದು. ನೆಲದ ಮೇಲೆ ಹಳದಿ ಗೆರೆಯ ಚೌಕ, ಮರಳಿನ ಬಕೆಟ್ಟುಗಳು, ಒಂದು ದೊಡ್ಡ ಫ್ಯಾನು. ಅಂದ ಕೆಡುತ್ತದೆಂದು ಒಂದೇ ಒಂದು ಡ್ರಮ್ಮನ್ನೂ ಒಳಗಿಟ್ಟಿರಲಿಲ್ಲ. ಅತ್ತಿಗೆ ಚೌಕದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಬುರುಡೆಯ ಚೀಟಿಯನ್ನು ಎದೆಗೆ ಅಂಟಿಸಿಕೊಂಡಳು.

"ಏಯ್! ಎದ್ದೇಳೇ! ಮನೆಗೆ ಹೋಗು ಅಂದ್ರೆ ಇಲ್ಲಿ ಬಂದು ಕುಕ್ಕರಿಸಿದೀಯಾ?"

"ಬಿಸಾಕಂಗಿಲ್ಲ ಮೇಸ್ತ್ರಿ. ಗಾಡಿ ಬರ್ಲಿ."

"ಯಾವನಪ್ಪನ ಗಾಡಿನೇ?"

"ಲೈಸೆನ್ಸ್ ಇರೋದು."

ಮ್ಯಾನೇಜರ್ ಓಡಿ ಬಂದ. ಹಿಂದೆಯೇ ಹೆಲ್ಮೆಟ್ ಸಾಹೇಬನನ್ನೂ ಎಳೆದು ತಂದ. "ನೀವೇ ಬುದ್ಧಿ ಹೇಳಿ ಸಾರ್. ಮನುಷ್ಯರು ತ್ಯಾಜ್ಯ ಅಲ್ಲ ಅಂತ ಹೇಳಿ."

"ನೋಡಮ್ಮ," ಅಂದ ಸಾಹೇಬ, "ಮನುಷ್ಯರು ತ್ಯಾಜ್ಯ ಅಲ್ಲ."

"ಹಂಗಾದ್ರೆ ಕೆಮಿಕಲ್ ಇಳಿದಿರೋ ಮನುಷ್ಯರಿಗೆ ಏನು ರೂಲು? ಅದನ್ನೂ ಹೇಳ್ಬಿಡಿ ಸಾರ್, ಹಂಗೇ ಮಾಡ್ತೀನಿ."

ಸಾಹೇಬ ಹೆಲ್ಮೆಟ್ಟಿನ ಮೇಲೆಯೇ ತಲೆ ಕೆರೆದುಕೊಂಡ. "ಅದು... ಅದು ಬೇರೆ ಡಿಪಾರ್ಟ್‌ಮೆಂಟು."

"ಎಳೆದು ಆಚೆ ಹಾಕ್ರೋ ಇವಳನ್ನ!" ಎಂದು ಮ್ಯಾನೇಜರ್ ಚೀರಿದ. ಲೋಡಿಂಗಿನವರು ಹೆಜ್ಜೆ ಎತ್ತಿದರು.

"ಗೆರೆ ದಾಟಬೇಡಿ!" ಸಾಹೇಬ ಅಭ್ಯಾಸಬಲದಿಂದ ಕಿರುಚಿದ. "ಕೈಗವಸು, ಮುಖಗವಸು ಇಲ್ದೆ ಒಳಗೆ..." ಅಷ್ಟರಲ್ಲಿ ನಾಲಿಗೆ ಕಚ್ಚಿಕೊಂಡ.

ಎತ್ತಿದ ಕಾಲುಗಳು ನಿಂತಲ್ಲೇ ನಿಂತವು. "ರೂಲು ಸಾರ್," ಎಂದ ಅವರಲ್ಲೊಬ್ಬ. ಅವನ ದನಿಯಲ್ಲಿ ಎಂಥ ನೆಮ್ಮದಿ! ಎಲ್ಲರೂ ಹಿಂದೆ ಸರಿದು ಕೈಕಟ್ಟಿ ನಿಂತರು.

ನನ್ನನ್ನೂ ಬಿಡಿಸಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಆದರೂ ಗೆರೆ ದಾಟಿ ಅತ್ತಿಗೆಯ ಪಕ್ಕ ಕೂತೆ. ನನ್ನ ಹಿಂದೆ ತೂಕಡಿಸುತ್ತಿದ್ದವಳು ಬಂದಳು, ಅವಳ ಹಿಂದೆ ಶೆಡ್ಡಿನ ಉಳಿದವರು ಬಂದರು. ಒಬ್ಬಳ ಎದೆಯ ಚೀಟಿ ತಲೆಕೆಳಗಾಗಿತ್ತು. ಇನ್ನೊಬ್ಬಳು ಅದನ್ನು ಕಿತ್ತು ಸರಿಯಾಗಿ ಅಂಟಿಸಿದಳು. ಫ್ಯಾನಿನ ಗಾಳಿಗೆ ಹಾಯೆನಿಸಿತು. ನಾವು ದುಡಿಯುವ ಯಾವ ಜಾಗದಲ್ಲೂ ಫ್ಯಾನಿರಲಿಲ್ಲ.

ಮ್ಯಾನೇಜರನ ದನಿ ಇಳಿಯಿತು. "ಏನ್ ಬೇಕಮ್ಮ ನಿಂಗೆ? ಬೇಗ ಹೇಳು, ಅವರ ಕಾರು ಗೇಟ್ ಹತ್ರ ಬಂದಿದೆ."

"ನನ್ನ ಗಂಡನ್ನ ವಾಪಸ್ ತಗೊಂಬನ್ನಿ. ಅವನೂ ಇಲ್ಲಿನ ಮಾಲೇ. ಬಸ್ಸಿಗೆ ಹತ್ತಿಸಿ ಕಳಿಸಿದ್ರಲ್ಲ, ಆ ಬಸ್ಸಿಗೆ ಲೈಸೆನ್ಸ್ ಇತ್ತಾ?"

ಅಂಗಳದಲ್ಲಿ ಕಾರು ನಿಂತಿತು. ಬಿಳಿ ಕೋಟಿನ ಒಬ್ಬ ಹೆಂಗಸು, ಇಬ್ಬರು ಗಂಡಸರು ಇಳಿದರು. ಮ್ಯಾನೇಜರ್ ಬೆವರು ಒರೆಸಿಕೊಂಡು ಹಲ್ಲು ಕಿರಿದ.

"ಬನ್ನಿ ಮೇಡಂ. ಇದು ಸೇಫ್ಟಿ ಅಣಕು ಪ್ರದರ್ಶನ. ನಮ್ಮ ಕೆಲಸದವರೇ ಮಾಡ್ತಿದಾರೆ."

ಮೂವರೂ ಚಪ್ಪಾಳೆ ತಟ್ಟಿದರು. ಗಂಡಸರು ಮೊಬೈಲು ತೆಗೆದರು. ಹೆಂಗಸು ಗೆರೆಯವರೆಗೆ ಬಂದು ಬಗ್ಗಿದಳು. "ಅಬ್ಬಾ, ಕೈಗೆ ಎಷ್ಟು ಚೆನ್ನಾಗಿ ಬಣ್ಣ ಬಳ್ಕೊಂಡಿದೀರಾ! ನಿಜಾನೇ ಅನ್ಸುತ್ತೆ. ಬನ್ನಿ, ಒಂದು ಫೋಟೋ ತಗೊಳ್ಳೋಣ." ಎಬ್ಬಿಸಲು ಕೈ ಚಾಚಿದಳು.

ಸಾಹೇಬ ಏನೋ ಹೇಳಲು ಹೊರಟ. ಮ್ಯಾನೇಜರ್ ಅವನ ಕಾಲು ತುಳಿದ.

ಅತ್ತಿಗೆ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಬೆಳಗಿನ ಬೆವರು, ಬೆಳಗಿನ ಗಸಿ ಇನ್ನೂ ಅಂಗೈಯಲ್ಲಿ ಹಸಿಯಾಗಿಯೇ ಇತ್ತು. ಸಾವಕಾಶ ಬಿಟ್ಟಳು.

ಹೆಂಗಸು ತನ್ನ ಅಂಗೈ ನೋಡಿಕೊಂಡಳು. ಕರವಸ್ತ್ರಕ್ಕೆ ಉಜ್ಜಿದಳು, ಕರವಸ್ತ್ರ ನೇರಳೆಯಾಯಿತು. ಕೋಟಿಗೆ ಉಜ್ಜಿದಳು, ಕೋಟೂ ಆಯಿತು. "ನೀರು! ನೀರೆಲ್ಲಿ?" ಮೂಲೆಯಲ್ಲಿ ಕಣ್ಣು ತೊಳೆಯುವ ಹಸಿರು ನಲ್ಲಿ ಥಳಥಳಿಸುತ್ತಿತ್ತು. ಓಡಿಹೋಗಿ ತಿರುಗಿಸಿದಳು, ಒತ್ತಿದಳು, ಗುದ್ದಿದಳು.

"ಪೈಪು ನಾಳೆ ಹಾಕಿಸ್ತೀವಿ ಮೇಡಂ," ಅಂದ ಮ್ಯಾನೇಜರ್.

"ಮುಖ ಮುಟ್ಕೋಬೇಡಿ ಮೇಡಂ," ಅಂದ ಸಾಹೇಬ, ಮೆಲ್ಲಗೆ.

ಅವಳ ಜೊತೆ ಬಂದಿದ್ದ ಇಬ್ಬರು ಗಂಡಸರು ಮೊಬೈಲು ಕೆಳಗಿಳಿಸಿ, ಅವಳಿಂದ ದೂರ ಸರಿದು ನಿಂತರು. ಅವಳು ಕೈಯನ್ನು ಮೈಗೆ ತಾಗದಂತೆ ಚಾಚಿ ಹಿಡಿದು ನಮ್ಮ ಕಡೆ ನೋಡಿದಳು.

"ಸ್ವಲ್ಪ ಆ ಕಡೆ ಸರಿಯೇ," ಎಂದು ಅತ್ತಿಗೆ ನನ್ನ ತೊಡೆ ತಟ್ಟಿದಳು. ನಾನು ಸರಿದೆ. ಖಾಲಿಯಾದ ಜಾಗವನ್ನು ಅವಳು ಅಂಗೈಯಿಂದ ಒರೆಸಿ, ಉಳಿದಿದ್ದ ಒಂದು ಚೀಟಿ ಸುಲಿದು ಎತ್ತಿ ಹಿಡಿದಳು.

"ಬಾಮ್ಮ, ಕೂತ್ಕೋ. ಇಲ್ಲಿ ಗಾಳಿ ಚೆನ್ನಾಗಿದೆ."